ಶಿಲುಬೆ: ಅವಮಾನದ ಮರ, ಅಧಿಕಾರದ ಅಳತೆಗೋಲು

ಕನ್ನಡದಲ್ಲಿ ನಾವು ಬಳಸುವ 'ಶಿಲುಬೆ' ಎಂಬ ಪದ ಬಹುದೂರದಿಂದ ಬಂದುದು. ಸಿರಿಯಾಕ್ ಭಾಷೆಯ 'ಸ್ಲೀಬಾ' ಅದರ ಮೂಲ. ತಮಿಳಿನ 'ಸಿಲುವೈ' ಕೂಡ ಅದೇ ಬೇರಿನದು. ಮಂಜೇಶ್ವರ ಗೋವಿಂದ ಪೈಗಳ 'ಗೊಲ್ಗೊಥಾ'ವನ್ನು ಓದಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಯೇಸುವಿನ ಕಡೆಯ ದಿನದ ಕಥೆ ಅಪರಿಚಿತವಲ್ಲ. ಆದರೆ ಮರಣದಂಡನೆಯ ಸಾಧನವೊಂದು ಪೂಜ್ಯ ಚಿಹ್ನೆಯಾದುದು ಹೇಗೆ, ಅದು ಸಭೆಯ ನಾಯಕರಿಂದ ಏನನ್ನು ಕೇಳುತ್ತದೆ ಎಂಬುದನ್ನು ವಿವರಿಸಲು ಇತಿಹಾಸದ ತರಗತಿಯ ನಲವತ್ತು ನಿಮಿಷಗಳು ಸಾಲುತ್ತಿರಲಿಲ್ಲ. ಆದುದರಿಂದ ಈ ಬರಹ.

ರೋಮನ್ನರ ಕಾಲದಲ್ಲಿ ಶಿಲುಬೆಯೆಂದರೆ ಗುಲಾಮರಿಗೂ ದಂಗೆಕೋರರಿಗೂ ಮೀಸಲಾದ ಶಿಕ್ಷೆ. ಸ್ಪಾರ್ಟಕಸನ ದಂಗೆ ಅಡಗಿದ ಬಳಿಕ, ಕ್ರಿ.ಪೂ. 71ರಲ್ಲಿ, ಸೇನಾನಿ ಕ್ರಾಸಸ್ ಸುಮಾರು 6,000 ಗುಲಾಮರನ್ನು ಕಾಪುವಾದಿಂದ ರೋಮಿನವರೆಗಿನ ಹೆದ್ದಾರಿಯುದ್ದಕ್ಕೂ ಶಿಲುಬೆಗೇರಿಸಿದನು. ಕೊಲ್ಲುವುದಷ್ಟೇ ಅದರ ಉದ್ದೇಶವಾಗಿರಲಿಲ್ಲ; ನೋಡುವವರ ಎದೆಯಲ್ಲಿ ಭಯವನ್ನೂ ಸತ್ತವನ ಹೆಸರಿಗೆ ಅವಮಾನವನ್ನೂ ಉಳಿಸುವುದು ಅದರ ಉದ್ದೇಶವಾಗಿತ್ತು. ಅಂಥ ಮರಣ ಹೊಂದಿದವನನ್ನು ದೇವರೆಂದು ಕರೆಯುವುದು ಆ ಕಾಲದವರಿಗೆ ನಗೆಪಾಟಲಿನ ಸಂಗತಿ. ರೋಮಿನ ಪ್ಯಾಲಟೈನ್ ಗುಡ್ಡದಲ್ಲಿ 1857ರಲ್ಲಿ ದೊರೆತ ಗೋಡೆಗೀಚಿನಲ್ಲಿ ಕತ್ತೆಯ ತಲೆಯ ಮನುಷ್ಯನೊಬ್ಬ ಶಿಲುಬೆಯ ಮೇಲಿದ್ದಾನೆ. ಅಲೆಕ್ಸಾಮೆನೋಸ್ ಎಂಬವನು ತನ್ನ ದೇವರನ್ನು ಪೂಜಿಸುತ್ತಿದ್ದಾನೆಂಬ ಅಪಹಾಸ್ಯದ ಬರಹವೂ ಅಲ್ಲಿದೆ.

ಈ ಅವಮಾನವನ್ನೇ ಅಳತೆಗೋಲಾಗಿ ಹಿಡಿದವನು ಪೌಲ. ಕೊರಿಂಥವು ಎರಡು ಬಂದರುಗಳ ಶ್ರೀಮಂತ ವ್ಯಾಪಾರ ನಗರ. ಕ್ರಿ.ಪೂ. 146ರಲ್ಲಿ ರೋಮನ್ನರಿಂದ ನಾಶವಾಗಿ, ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನ ಆಜ್ಞೆಯಿಂದ ಮರುಹುಟ್ಟು ಪಡೆದ ಆ ಊರಿನಲ್ಲಿ ಹೊಸ ಹಣ, ಹೊಸ ಪ್ರತಿಷ್ಠೆ, ವಾಕ್ಚಾತುರ್ಯ ಇವುಗಳಿಗೇ ಬೆಲೆ. ಪೌಲನು ಸುಮಾರು ಕ್ರಿ.ಶ. 50ರಿಂದ ಒಂದೂವರೆ ವರ್ಷ ಅಲ್ಲಿದ್ದನು. ಅವನು ಊರು ಬಿಟ್ಟ ಮೇಲೆ ಸಭೆ ಒಡೆಯಿತು. ಕೆಲವರು ತಾವು ಪೌಲನ ಕಡೆಯವರೆಂದರು, ಕೆಲವರು ಅಪೊಲ್ಲೋಸನವರೆಂದರು, ಇನ್ನು ಕೆಲವರು ಕೇಫನವರೆಂದರು. ಸಹಭೋಜನದಲ್ಲಿ ಉಳ್ಳವರು ಮೊದಲೇ ಉಂಡು ಕುಡಿದು ಮತ್ತರಾದರೆ, ಬಡವರು ಹಸಿದಿರುತ್ತಿದ್ದರು.

ಪೌಲನು ಎಫೆಸದಿಂದ ಬರೆದ ಪತ್ರಿಕೆಯಲ್ಲಿ ತನ್ನ ಪಕ್ಷವನ್ನು ಬಲಪಡಿಸಿಕೊಳ್ಳಲಿಲ್ಲ. ತನ್ನ ಹೆಸರಿನ ಪಕ್ಷವನ್ನೇ ಮೊದಲು ಖಂಡಿಸಿದನು. ನಿಮಗಾಗಿ ಶಿಲುಬೆಗೇರಿದವನು ಪೌಲನೇ ಎಂಬುದು ಅವನ ಪ್ರಶ್ನೆಯ ತಾತ್ಪರ್ಯ. ಸಭೆಯ ನಾಯಕರು ಹೊಲದಲ್ಲಿ ದುಡಿಯುವ ಆಳುಗಳಷ್ಟೇ, ಒಬ್ಬ ನೆಟ್ಟರೆ ಇನ್ನೊಬ್ಬ ನೀರೆರೆಯುತ್ತಾನೆ, ಬೆಳೆ ದೇವರದು ಎಂದು ವಾದಿಸಿದನು. ಕೊರಿಂಥದವರಿಂದ ಸಂಭಾವನೆ ಪಡೆಯದೆ ಗುಡಾರ ಹೊಲಿಯುವ ಕೈಕೆಲಸದಿಂದ ಬದುಕಿದನು. ದುರ್ಬಲನಾಗಿ ಸತ್ತವನಿಂದ ರಕ್ಷಣೆ ಬಂದಿದ್ದರೆ, ಬಲವನ್ನು ಮೆರೆಸುವವನು ಆ ರಕ್ಷಣೆಯ ಸೇವಕನಾಗಲು ಸಾಧ್ಯವಿಲ್ಲ: ಅವನ ವಾದದ ತಿರುಳು ಇಷ್ಟೇ.

ಮುಂದಿನ ಇತಿಹಾಸ ಈ ಮಾತನ್ನು ಪದೇ ಪದೇ ಮರೆಯಿತು. 312ರ ಯುದ್ಧದ ನಂತರ ಕಾನ್‌ಸ್ಟಂಟೈನನು ಕ್ರೈಸ್ತರ ಪೋಷಕನಾದಾಗ ಹಿಂಸೆಗೊಳಗಾಗಿದ್ದ ಸಭೆಗೆ ನೆಮ್ಮದಿ ದೊರೆಯಿತೆಂಬುದು ನಿಜ. ಆದರೆ ಬಿಷಪರು ಅರಮನೆಗೆ ಹತ್ತಿರವಾದರು, ಚಿಹ್ನೆ ಸೇನೆಯ ಪಾಲಾಯಿತು. 1095ರಲ್ಲಿ ಪೋಪ್ ಎರಡನೆಯ ಅರ್ಬನ್ ಕರೆ ನೀಡಿದಾಗ ಯೋಧರು ಬಟ್ಟೆಯ ಶಿಲುಬೆಯನ್ನು ಅಂಗಿಗೆ ಹೊಲಿದುಕೊಂಡು ಹೊರಟರು. 1099ರಲ್ಲಿ ಜೆರುಸಲೇಮಿನ ಮುಸ್ಲಿಮರನ್ನೂ ಯೆಹೂದ್ಯರನ್ನೂ ಕೊಂದರು. ಕೊಲ್ಲಲ್ಪಟ್ಟವನ ಗುರುತು ಕೊಲ್ಲುವವರ ಗುರುತಾಯಿತು.

ಪೌಲನ ಪ್ರಶ್ನೆಯನ್ನು ಮತ್ತೆ ಎತ್ತಿದವರಲ್ಲಿ ಲೂಥರ್ ಪ್ರಮುಖನು. 1517ರ ಪಾಪಕ್ಷಮಾ ಪತ್ರಗಳ ವಿವಾದ ಎಲ್ಲರಿಗೂ ಗೊತ್ತು. 1518ರ ಏಪ್ರಿಲ್‌ನಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಅವನು ಮಂಡಿಸಿದ ಪ್ರಬಂಧಗಳು ಅಷ್ಟು ಪ್ರಸಿದ್ಧವಲ್ಲ. ಅಲ್ಲಿ ಅವನು ವೈಭವದ ದೇವತಾಶಾಸ್ತ್ರಜ್ಞನನ್ನೂ ಶಿಲುಬೆಯ ದೇವತಾಶಾಸ್ತ್ರಜ್ಞನನ್ನೂ ಬೇರ್ಪಡಿಸಿದನು. ಮೊದಲನೆಯವನು ದೇವರನ್ನು ಶಕ್ತಿಯಲ್ಲೂ ಸಾಧನೆಯಲ್ಲೂ ಹುಡುಕುತ್ತಾನೆ. ಎರಡನೆಯವನು ಸಂಕಟದಲ್ಲಿ ಕಾಣುತ್ತಾನೆ. ರಕ್ಷಣೆ ಗಳಿಕೆಯಲ್ಲ, ಕೊಡುಗೆ ಎಂಬ ಅವನ ನಿಲುವಿನ ಬೇರು ಇಲ್ಲಿದೆ.

ಆ ನಿಲುವು ಸೋಮಾರಿತನಕ್ಕೆ ನೆಪವಾಗಬಾರದೆಂದು ಎಚ್ಚರಿಸಿದವರು ಅದೇ ಲೂಥರನ್ ಪರಂಪರೆಯ ಜರ್ಮನ್ ಪಾದ್ರಿ ಡೀಟ್ರಿಚ್ ಬೊನ್‌ಹಾಫರ್. ಹಿಟ್ಲರನ ಆಡಳಿತದಲ್ಲಿ ಸಭೆಯೊಳಗೂ 'ನಾಯಕ ತತ್ತ್ವ' ನುಗ್ಗಿದಾಗ, 1934ರ ಮೇ ತಿಂಗಳಲ್ಲಿ ಬಾರ್ಮೆನ್‌ನಲ್ಲಿ ಸೇರಿದ ವಿರೋಧಿಗಳು ಒಂದು ಘೋಷಣೆ ಹೊರಡಿಸಿದರು. ಸಭೆಯ ಹುದ್ದೆಗಳು ಒಬ್ಬರ ಮೇಲೊಬ್ಬರು ದೊರೆತನ ನಡೆಸುವುದಕ್ಕಲ್ಲ, ಇಡೀ ಸಭೆಗೆ ಒಪ್ಪಿಸಿದ ಸೇವೆಗಾಗಿ ಎಂಬುದು ಅದರ ನಾಲ್ಕನೆಯ ಅಂಶ. ಬೊನ್‌ಹಾಫರರು 1937ರಲ್ಲಿ ಪ್ರಕಟಿಸಿದ ಶಿಷ್ಯತ್ವ ಕುರಿತ ಗ್ರಂಥದಲ್ಲಿ, ಶಿಲುಬೆಯಿಲ್ಲದ ಕೃಪೆಯನ್ನು 'ಅಗ್ಗದ ಕೃಪೆ' ಎಂದು ಹೆಸರಿಸಿದರು. 1939ರಲ್ಲಿ ಅಮೆರಿಕದಲ್ಲಿ ಸುರಕ್ಷಿತವಾಗಿ ಉಳಿಯುವ ಅವಕಾಶವಿದ್ದರೂ ಕೆಲವೇ ವಾರಗಳಲ್ಲಿ ತಾಯ್ನಾಡಿಗೆ ಮರಳಿದರು. 1943ರಲ್ಲಿ ಬಂಧಿತರಾಗಿ, 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬರ್ಗ್ ಶಿಬಿರದಲ್ಲಿ ಗಲ್ಲಿಗೇರಿದರು. ಆಗ ಅವರ ವಯಸ್ಸು 39.

ಪ್ರಿಯ ಮಿತ್ರರೇ, ನಿಮ್ಮಲ್ಲಿ ಹಲವರು ಇಂದು ಶಾಲೆ, ಕಚೇರಿ, ಸಂಘಸಂಸ್ಥೆಗಳನ್ನು ನಡೆಸುತ್ತಿದ್ದೀರಿ. ಕೆಲವರು ಸಭಾಪಾಲಕರೂ ಆಗಿದ್ದೀರಿ. ಕ್ರೈಸ್ತರಿಗೆ ಶಿಲುಬೆ ರಕ್ಷಣೆಯ ಗುರುತು. ಇತರರಿಗೆ ಅದು ಇತಿಹಾಸದ ಒಂದು ಪಾಠವಾದರೂ ಆಗಬಹುದು. ಸಹಭೋಜನದ ಕೊನೆಯ ಸಾಲಿನಲ್ಲಿ ಕುಳಿತವನಿಗೆ ಊಟ ತಲುಪಿತೇ ಎಂದು ಕೊರಿಂಥದಲ್ಲಿ ಎದ್ದ ಪ್ರಶ್ನೆಯಿಂದಲೇ ಯಾವ ನಾಯಕನನ್ನೂ ಇಂದಿಗೂ ಅಳೆಯಬಹುದು.