ಎರಡು ಗುಡ್ಡ, ನಡುವೆ ಸೂರ್ಯ

ನಮ್ಮ ಶಾಲೆಯ ಕಟ್ಟಡ, ಫಲಿತಾಂಶ, ದಾನಿಗಳ ಕುರಿತು ಈ ಸಂಚಿಕೆಯಲ್ಲಿ ಬರೆಯುವವರು ಬೇರೆ ಇದ್ದಾರೆ. ಇಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದ ನಾನು ಇನ್ನೊಂದು ಇತಿಹಾಸವನ್ನು ಹೇಳಬಯಸುತ್ತೇನೆ. ನಮ್ಮ ಮಕ್ಕಳು ಮತ್ತು ಅವರಿಗೆ ಕಲಿಸುವವರು ತಮ್ಮ ಸುತ್ತಲಿನ ಲೋಕವನ್ನು ಮನಸ್ಸಿನಲ್ಲಿ ಹೇಗೆ ಚಿತ್ರಿಸಿಕೊಂಡಿದ್ದಾರೆ ಎಂಬುದೇ ಆ ಇತಿಹಾಸ.

ಒಂದು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ‘ನಮ್ಮೂರು’ ಎಂಬ ಚಿತ್ರ ಬರೆಯಲು ಹೇಳಿದೆ. ನಲವತ್ತು ಹಾಳೆಗಳು ಬಂದವು. ಹೆಚ್ಚುಕಡಿಮೆ ಎಲ್ಲದರಲ್ಲೂ ಎರಡು ಗುಡ್ಡ, ನಡುವೆ ಉದಯಿಸುವ ಸೂರ್ಯ, ಅಲ್ಲಿಂದ ಇಳಿದು ಬರುವ ನದಿ, ದಡದಲ್ಲಿ ಒಂದು ಗುಡಿಸಲು, ಪಕ್ಕದಲ್ಲಿ ಬಾಗಿದ ತೆಂಗಿನ ಮರ. ಓದುಗರಲ್ಲಿ ಅನೇಕರು ಇದೇ ಚಿತ್ರವನ್ನು ಬರೆದಿರಬೇಕು. ನಾನೂ ಬರೆದಿದ್ದೇನೆ. ಆದರೆ ನಮ್ಮೂರು ಬಳ್ಳಾರಿ ಸೀಮೆಯ ಎರೆಬಯಲಿನದು. ಊರ ಸುತ್ತ ಗುಡ್ಡವಿಲ್ಲ, ನದಿಯಿಲ್ಲ, ತೆಂಗಿನ ತೋಟವಿಲ್ಲ. ಇರುವುದು ತುಂಗಭದ್ರೆಯ ಕಾಲುವೆ, ಭತ್ತದ ಗದ್ದೆ, ಅಕ್ಕಿ ಗಿರಣಿ, ಟ್ರಾಕ್ಟರು. ಅವು ಯಾವುವೂ ಆ ಹಾಳೆಗಳಲ್ಲಿ ಇರಲಿಲ್ಲ. ಅದೇ ತಿಂಗಳು ಪಾಠಾಭ್ಯಾಸಕ್ಕೆಂದು ಬಂದಿದ್ದ ಬಿ.ಎಡ್. ಪ್ರಶಿಕ್ಷಣಾರ್ಥಿಗಳಿಗೂ ಅದೇ ಕೆಲಸ ಕೊಟ್ಟೆ. ಅವರ ಚಿತ್ರಗಳು ಇನ್ನಷ್ಟು ಅಚ್ಚುಕಟ್ಟಾಗಿದ್ದವು. ಗುಡ್ಡ ಮಾತ್ರ ಎರಡೇ, ಸೂರ್ಯ ಮಾತ್ರ ನಡುವೆಯೇ.

ಒಂದೇ ಒಂದು ಹಾಳೆ ಬೇರೆಯಾಗಿತ್ತು. ಅದರ ಮಾತನ್ನು ಕೊನೆಯಲ್ಲಿ ಹೇಳುತ್ತೇನೆ.

ಕಣ್ಣೆದುರಿನದನ್ನು ಬಿಟ್ಟು ಕಲಿಸಿದ್ದನ್ನು ಒಪ್ಪಿಸುವ ಈ ರೂಢಿ ನಮ್ಮ ಸೀಮೆಗೆ ಹೊಸದಲ್ಲ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ತನ್ನ ಆಡಳಿತದ ಎಲ್ಲ ಜಿಲ್ಲೆಗಳ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ವರದಿ ಕಳುಹಿಸಿದ. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಇಂದಿನ ಅನಂತಪುರದ ಭಾಗಗಳೂ ಸೇರಿದ್ದವು. ಅಲ್ಲಿದ್ದ ಶಾಲೆಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಕಲಿಯುತ್ತಿದ್ದವರು 6,641 ಮಂದಿ. ಅವರಲ್ಲಿ ಹೆಣ್ಣು ಮಕ್ಕಳು ಕೇವಲ 60.

ಮಗುವಿಗೆ ಐದನೆಯ ವರ್ಷದಲ್ಲಿ ಅಕ್ಷರಾಭ್ಯಾಸ. ಮರಳಿನ ಮೇಲೆ ಬೆರಳಿನಿಂದ ತಿದ್ದುವುದು, ಆಮೇಲೆ ಬರಹ, ಲೆಕ್ಕ, ಪದ್ಯಗಳ ಬಾಯಿಪಾಠ. ಮುಂದೆ ಹೋದ ಹುಡುಗರು ಹಿಂದಿನವರಿಗೆ ಕಲಿಸುತ್ತಿದ್ದರು. ವಿದ್ಯಾರ್ಥಿಯೇ ಶಿಕ್ಷಕನಾಗುವ ಈ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮೆಚ್ಚಿಕೊಂಡ. ಆದರೆ ಒಂದು ದೋಷವನ್ನೂ ಎತ್ತಿ ತೋರಿಸಿದ. ಹುಡುಗರು ನೂರಾರು ಪದ್ಯಗಳನ್ನು ಗಿಳಿಯಂತೆ ಒಪ್ಪಿಸುತ್ತಾರೆ. ಅವುಗಳ ಅರ್ಥ ತಿಳಿದ ವಿದ್ಯಾರ್ಥಿಗಳು ಕಡಿಮೆ, ಬಿಡಿಸಿ ಹೇಳಬಲ್ಲ ಗುರುಗಳೂ ಕಡಿಮೆ ಎಂದು ಬರೆದ. ಆಳುವವನ ಕಣ್ಣಿನಿಂದ ಕಂಡ ಮಾತು ಇದೆಂದು ನಾವು ಎಚ್ಚರದಿಂದ ಓದಬೇಕು. ಆದರೂ ಗುರುಶಿಷ್ಯರಿಬ್ಬರೂ ಒಂದೇ ತಿಳಿಯದ ಮಾತನ್ನು ಹಂಚಿಕೊಂಡಿದ್ದರು ಎಂಬ ಅವನ ದೂರು ನನ್ನನ್ನು ಚುಚ್ಚುತ್ತದೆ. ನಮ್ಮ ಎರಡು ಗುಡ್ಡಗಳೂ ಅಂಥದೇ ಬಾಯಿಪಾಠವಲ್ಲವೇ?

1854ರ ವುಡ್ ವರದಿಯ ನಂತರ ಸರ್ಕಾರಿ ಶಿಕ್ಷಣ ಇಲಾಖೆಗಳು ಹುಟ್ಟಿ, ಶಿಕ್ಷಕರ ತರಬೇತಿ ಶಾಲೆಗಳು ಬಂದವು. ಪಠ್ಯಕ್ರಮದಲ್ಲಿ ಭೂಗೋಳಕ್ಕೆ ಜಾಗ ಸಿಕ್ಕಿತು. ಕ್ರಮೇಣ ಗೋಡೆಗೆ ಭೂಪಟ, ಮೇಜಿಗೆ ಭೂಗೋಳದ ಗುಂಡು ಬಂದವು. ಲೋಕ ದೊಡ್ಡದಾಯಿತು, ಅದರಲ್ಲಿ ಸಂಶಯವಿಲ್ಲ. ಆದರೆ ಗೋಡೆಯ ಪಟವೂ ತನ್ನದೇ ತಪ್ಪು ಚಿತ್ರಗಳನ್ನು ಮಕ್ಕಳ ಮನಸ್ಸಿನಲ್ಲಿ ಬಿತ್ತಿತು. ಮರ್ಕೇಟರ್ 1569ರಲ್ಲಿ ನಾವಿಕರಿಗಾಗಿ ರಚಿಸಿದ ಮಾದರಿಯ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜವಾಗಿ ಆಫ್ರಿಕಾ ಅದಕ್ಕಿಂತ ಸುಮಾರು 14 ಪಟ್ಟು ದೊಡ್ಡದು. ಇನ್ನು ನಮ್ಮ ಹಗರಿ ನದಿಯನ್ನೇ ನೋಡಿ. ಅದು ದಕ್ಷಿಣದಿಂದ ಉತ್ತರಕ್ಕೆ ಹರಿದು ತುಂಗಭದ್ರೆಯನ್ನು ಸೇರುತ್ತದೆ. ಗೋಡೆಯ ಮೇಲೆ ಉತ್ತರ ಎಂದರೆ ಮೇಲೆ. ‘ಹಗರಿ ಮೇಲಕ್ಕೆ ಹೆಂಗ ಏರತೈತಿ ಸಾರ್?’ ಎಂದು ಒಬ್ಬ ಹುಡುಗ ಕೇಳಿದ. ಅಂದಿನಿಂದ ನಕ್ಷೆಯನ್ನು ಗೋಡೆಯಿಂದ ಇಳಿಸಿ, ನೆಲದ ಮೇಲೆ ಉತ್ತರಕ್ಕೆ ಮುಖ ಮಾಡಿ ಹಾಸಿ ಪಾಠ ಮಾಡತೊಡಗಿದೆ. ನನ್ನ ಸೇವೆಯಲ್ಲಿ ನಾನು ಕಲಿತ ಒಳ್ಳೆಯ ಪಾಠಗಳಲ್ಲಿ ಅದೊಂದು, ಕಲಿಸಿದವನು ಆ ಹುಡುಗ.

ನಕ್ಷೆಯೂ ನಿಂತಲ್ಲಿ ನಿಲ್ಲುವುದಿಲ್ಲ ಎಂಬುದು ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. 1953ರ ಅಕ್ಟೋಬರ್ 1ರವರೆಗೆ ನಾವು ಮದ್ರಾಸ್ ರಾಜ್ಯದವರು. ಅಂದು ಮೈಸೂರು ರಾಜ್ಯಕ್ಕೆ ಸೇರಿದೆವು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. 1956ರಲ್ಲಿ ರಾಜ್ಯದ ಆಕಾರ ಬದಲಾಯಿತು, 1973ರಲ್ಲಿ ಹೆಸರು ಬದಲಾಯಿತು. 2021ರಲ್ಲಿ ಪಶ್ಚಿಮದ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಾದವು. ನಮ್ಮ ಹಿರಿಯರು ಊರಗಸಿ ದಾಟದೆಯೇ ಇಷ್ಟು ನಕ್ಷೆಗಳಲ್ಲಿ ಬಾಳಿದ್ದಾರೆ.

ಮಗುವಿನ ಮನಸ್ಸಿನಲ್ಲಿ ಏನಿದೆ ಎಂದು ಮಗುವನ್ನೇ ಕೇಳುವ ಪದ್ಧತಿ ಬಂದದ್ದು ತಡವಾಗಿ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ 1926ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಸೂರ್ಯ ಚಂದ್ರರು ತಮ್ಮ ಹಿಂದೆಯೇ ನಡೆದು ಬರುತ್ತಾರೆಂದು ನಂಬಿದ ಮಕ್ಕಳ ಮಾತುಗಳಿವೆ. 1992ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಭೂಮಿಯ ಆಕಾರದ ಬಗ್ಗೆ ಅಲ್ಲಿನ ಮಕ್ಕಳನ್ನು ವಿಚಾರಿಸಿದರು. ‘ಭೂಮಿ ಗುಂಡಗಿದೆ’ ಎಂದು ಹೆಚ್ಚಿನವರು ಒಪ್ಪಿಸುತ್ತಿದ್ದರು. ಬಿಡಿಸಿ ಕೇಳಿದಾಗ ಒಬ್ಬರದು ರೊಟ್ಟಿಯಂತೆ ದುಂಡಗೆ ಚಪ್ಪಟೆ, ಇನ್ನೊಬ್ಬರದು ಒಳಗೆ ಜನರಿರುವ ಟೊಳ್ಳು ಚೆಂಡು. ಮತ್ತೆ ಕೆಲವರಿಗೆ ಎರಡು ಭೂಮಿ: ನಾವು ನಿಂತಿರುವುದೊಂದು, ಪುಸ್ತಕದಲ್ಲಿರುವುದು ಇನ್ನೊಂದು. 1996ರಲ್ಲಿ ಪ್ರಕಟವಾದ ಹೈದರಾಬಾದಿನ ಮಕ್ಕಳ ಅಧ್ಯಯನದಲ್ಲಿ ಭೂಮಿ ನೀರಿನ ಮೇಲೆ ತೇಲುತ್ತಿದೆ ಎಂಬ ಚಿತ್ರ ಎದ್ದು ಕಂಡಿತು. ನಮ್ಮ ಪುರಾಣ ಕಥೆಗಳನ್ನು ಕೇಳಿ ಬೆಳೆದವರಿಗೆ ಇದು ಆಶ್ಚರ್ಯವಲ್ಲ. ಈ ಮಕ್ಕಳು ದಡ್ಡರಲ್ಲ. ಕಣ್ಣು ಹೇಳಿದ್ದು, ಅಜ್ಜಿ ಹೇಳಿದ್ದು, ಮೇಷ್ಟ್ರು ಹೇಳಿದ್ದು ಮೂರನ್ನೂ ಬಿಟ್ಟುಕೊಡದೆ ಹೊಂದಿಸಲು ಹೆಣಗಿದವರು.

ದೊಡ್ಡವರು ಈ ಹೆಣಗಾಟವನ್ನು ದಾಟಿಬಿಟ್ಟಿದ್ದಾರೆಯೇ? 1987ರ ಒಂದು ಸಾಕ್ಷ್ಯಚಿತ್ರದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಘಟಿಕೋತ್ಸವದ ದಿನ ಪದವೀಧರರು, ಅಧ್ಯಾಪಕರು ಸೇರಿ 23 ಮಂದಿಗೆ ಋತುಗಳು ಏಕೆ ಬದಲಾಗುತ್ತವೆ ಎಂಬಂಥ ಪ್ರಶ್ನೆ ಕೇಳಲಾಯಿತು. 21 ಮಂದಿ ತಪ್ಪು ಹೇಳಿದರು. ಭೂಮಿ ಸೂರ್ಯನ ಹತ್ತಿರ ಬಂದಾಗ ಬೇಸಿಗೆ ಎಂಬುದು ಸಾಮಾನ್ಯ ಉತ್ತರ. ನಮ್ಮ ಪ್ರಶಿಕ್ಷಣಾರ್ಥಿಗಳೂ ನನಗೆ ಅದನ್ನೇ ಹೇಳಿದರು. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿಯ ಮೊದಲ ವಾರದಲ್ಲಿ, ನಾವು ಕಂಬಳಿ ಹೊದ್ದಿರುವಾಗ. ಋತುಗಳಿಗೆ ಕಾರಣ ಭೂಮಿಯ ಅಕ್ಷದ ಓರೆ ಎಂದಾಗ ಒಬ್ಬ ತರುಣ ಶಿಕ್ಷಕ ತುಸು ಹೊತ್ತು ಸುಮ್ಮನಿದ್ದು, ‘ಹಾಗಾದರೆ ನಾನು ನಿನ್ನೆ ತಪ್ಪು ಪಾಠ ಮಾಡಿದೆ ಸಾರ್’ ಎಂದ. ಮರುದಿನ ತರಗತಿಗೆ ಹೋಗಿ ಮಕ್ಕಳೆದುರು ಅದನ್ನು ತಿದ್ದಿದ. ಆ ಧೈರ್ಯ ಎಲ್ಲ ಶಿಕ್ಷಕರಿಗೂ ಬರುವುದಿಲ್ಲ.

ಹತ್ತಿರದ ಲೋಕದಿಂದ ಪಾಠ ಆರಂಭಿಸಬೇಕೆಂದು ಹೇಳಿದವರು ನಮ್ಮಲ್ಲಿ ಇರಲಿಲ್ಲವೆಂದಲ್ಲ. 1936ರಲ್ಲಿ ಶಿವರಾಮ ಕಾರಂತರು ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಕನ್ನಡದ ಮಕ್ಕಳ ಕೈಗಿತ್ತರು. 1937ರ ವಾರ್ಧಾ ಸಮ್ಮೇಳನದಿಂದ ಹೊರಟ ಮೂಲಶಿಕ್ಷಣ ಯೋಜನೆ ಕೈಕಸುಬು ಮತ್ತು ಸುತ್ತಲಿನ ಪರಿಸರವನ್ನೇ ಪಾಠದ ಆಧಾರವಾಗಿಸಿತು. 1975ರ ರಾಷ್ಟ್ರೀಯ ಪಠ್ಯಕ್ರಮ ಪ್ರಾಥಮಿಕ ತರಗತಿಗಳಿಗೆ ‘ಪರಿಸರ ಅಧ್ಯಯನ’ವನ್ನು ತಂದಿತು. 1991ರಲ್ಲಿ ಸುಪ್ರೀಂ ಕೋರ್ಟು ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದಿತು. 2005ರ ಪಠ್ಯಕ್ರಮ ಚೌಕಟ್ಟು ಶಾಲೆಯ ಅರಿವನ್ನು ಹೊರಗಿನ ಬದುಕಿಗೆ ಜೋಡಿಸಿ ಎಂದಿತು. ಆದೇಶಗಳಿಗೆ ಕೊರತೆಯಾಗಲಿಲ್ಲ. ಆದರೆ ‘ಪರಿಸರ’ ಎಂದರೆ ನಮ್ಮ ಮಕ್ಕಳು ಇಂದಿಗೂ ಕಾಡು, ಜಿಂಕೆ, ಜಲಪಾತ ಬರೆಯುತ್ತಾರೆ. ಕಾಲುವೆಯ ಕೊನೆಯ ಹೊಲಕ್ಕೆ ನೀರು ತಲುಪದಿರುವುದು, ನೀರು ನಿಂತು ಜವುಗಾದ ನೆಲ, ಬೆಳೆಗೆ ಹೊಡೆಯುವ ಔಷಧಿಯ ಡಬ್ಬ ಇವು ಪರಿಸರವೆಂದು ಅವರಿಗೆ ಅನ್ನಿಸುವುದಿಲ್ಲ, ಏಕೆಂದರೆ ನಮಗೂ ಅನ್ನಿಸಿಲ್ಲ.

ಈಗ ಆ ಒಂದು ಹಾಳೆಯ ಮಾತು. ಅದನ್ನು ಬರೆದವಳು ಹಿಂದಿನ ಬೆಂಚಿನ ಹುಡುಗಿ. ಅದರಲ್ಲಿ ಗುಡ್ಡವಿರಲಿಲ್ಲ, ಸೂರ್ಯನಿರಲಿಲ್ಲ. ಒಂದು ಮೂಲೆಯಲ್ಲಿ ಅವಳ ಮನೆ, ಅಲ್ಲಿಂದ ನಲ್ಲಿಗೆ ಒಂದು ಗೆರೆ, ಶಾಲೆಗೆ ಇನ್ನೊಂದು, ತಾಯಿ ಕಳೆ ಕೀಳಲು ಹೋಗುವ ಕಾಲುವೆ ಏರಿಗೆ ಮತ್ತೊಂದು. ನಲ್ಲಿಯ ಗೆರೆ ಶಾಲೆಯ ಗೆರೆಗಿಂತ ಉದ್ದವಾಗಿತ್ತು. ಊರಿನ ದೇವಸ್ಥಾನ, ಪಂಚಾಯ್ತಿ ಕಟ್ಟೆ, ದೊಡ್ಡ ಬೀದಿ ಒಂದೂ ಇರಲಿಲ್ಲ. ಉಳಿದವರು ನಕ್ಕರು. ‘ಚಿತ್ರ ಅಪೂರ್ಣ’ ಎಂದು ಬರೆದು ನಾನು ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆ. ಎರಡು ಗುಡ್ಡದವರಿಗೆ ಎಂಟು ಕೊಟ್ಟಿದ್ದೆ.

ನಲವತ್ತರಲ್ಲಿ ನಮ್ಮೂರನ್ನು ಬರೆದವಳು ಅವಳೊಬ್ಬಳೇ ಎಂದು ನನಗೆ ಹೊಳೆಯಲು ವರ್ಷಗಳೇ ಬೇಕಾದವು. ಆ ನಲ್ಲಿ ಅಷ್ಟು ದೂರ ಏಕೆ, ಅವಳ ಕೇರಿಯಿಂದ ದೊಡ್ಡ ಬೀದಿಗೆ ಗೆರೆ ಏಕಿಲ್ಲ ಎಂದು ನಾನು ಅಂದು ಕೇಳಿದ್ದರೆ ಇಡೀ ತರಗತಿಗೆ ಒಂದು ನಿಜವಾದ ಸಮಾಜ ವಿಜ್ಞಾನದ ಪಾಠವಾಗುತ್ತಿತ್ತು. 1823ರ ಲೆಕ್ಕದ 60 ಹುಡುಗಿಯರು ನೆನಪಾಗುತ್ತಾರೆ. ಇಂದು ನಮ್ಮ ಶಾಲೆಯ ಬೆಂಚುಗಳಲ್ಲಿ ಹುಡುಗಿಯರು ತುಂಬಿದ್ದಾರೆ. ಅವರನ್ನು ಒಳಗೆ ಕರೆದುಕೊಂಡದ್ದು ಈ ಐವತ್ತು ವರ್ಷಗಳ ಸಾಧನೆ. ಅವರು ಕಂಡ ಊರನ್ನು ಒಳಗೆ ಕರೆದುಕೊಳ್ಳುವುದು ಉಳಿದಿರುವ ಕೆಲಸ.

ಈಗಿನ ಶಿಕ್ಷಕ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಈ ಸುವರ್ಣ ಮಹೋತ್ಸವದ ನೆನಪಿಗೆ ಮಕ್ಕಳಿಂದಲೇ ನಮ್ಮೂರಿನ ನಕ್ಷೆ ಬರೆಸಿ. ಪ್ರತಿ ಕೇರಿಯ ಮಗುವೂ ತಾನು ನಡೆಯುವ ದಾರಿಯನ್ನು ಅದರಲ್ಲಿ ಗುರುತಿಸಲಿ. ಕಾಲುವೆ ಬರುವ ಮುಂಚೆ ಈ ಹೊಲಗಳಲ್ಲಿ ಜೋಳ, ಹತ್ತಿ ಬೆಳೆದವರು ಇನ್ನೂ ಊರಲ್ಲಿದ್ದಾರೆ; ಮಕ್ಕಳು ಅವರನ್ನು ಕೇಳಿ ಹಳೆಯ ದಾರಿಗಳನ್ನೂ ಬರೆಯಲಿ. ಪಾಠಾಭ್ಯಾಸಕ್ಕೆ ಬರುವ ಪ್ರಶಿಕ್ಷಣಾರ್ಥಿಗಳು ಮೊದಲ ದಿನ ಆ ನಕ್ಷೆ ಹಿಡಿದು ಊರು ಸುತ್ತಿ ಬರಲಿ.

ಆ ಹುಡುಗಿ ಈಗ ದೊಡ್ಡವಳಾಗಿ ಎಲ್ಲೋ ಸಂಸಾರ ಮಾಡಿಕೊಂಡಿರಬಹುದು. ಈ ಸಂಚಿಕೆ ಕೈಸೇರಿ ಓದಿದರೆ ಅವಳಿಗೆ ತನ್ನ ಹಾಳೆ ನೆನಪಾದೀತು. ತಾಯೀ, ನಿನ್ನ ಚಿತ್ರ ಅಪೂರ್ಣವಾಗಿರಲಿಲ್ಲ. ಓದಲು ಬಾರದವನು ನಾನು.