ಅಂಗಮಾರಿಯೂ ಸಬ್ಸಿಡಿ ಔಷಧಿಯೂ

ಅರಕಲಗೂಡು ರಸ್ತೆಯಲ್ಲಿ ಈಗ ಶುಂಠಿ, ಮುಸುಕಿನ ಜೋಳ. ಆಲೂಗಡ್ಡೆ ಹುಡುಕಬೇಕು. ‘ಯಾಕಣ್ಣ ಬಿಟ್ರಿ?’ ಅಂತ ಹುಡುಗರು ಕೇಳ್ತಾರೆ. ಬೆಲೆ, ಮಳೆ ಎಲ್ಲಾ ಸರಿ. ಆದರೆ ಔಷಧಿ ಕೈಕೊಟ್ಟ ಕಥೆ ಯಾರೂ ಹೇಳಲ್ಲ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರೆಲ್ಲ ಮುಂಗಾರಿಗೆ ಮುಂಚೆ ಹಾಸನದ ಎಪಿಎಂಸಿಯಲ್ಲಿ ಜಲಂಧರದ ಬಿತ್ತನೆ ಗಡ್ಡೆಗೆ ಕಾಯುತ್ತಿದ್ದೆವು. ಬಹುಪಾಲು ಕುಫ್ರಿ ಜ್ಯೋತಿ. 1968ರಲ್ಲಿ ಬಿಡುಗಡೆಯಾದಾಗ ಅದು ಅಂಗಮಾರಿ ತಡೆಯುವ ತಳಿ. ಆ ಗುಣ ಹೋಯಿತು, ತಳಿ ಉಳಿಯಿತು. ಮಂಡಿಯವರಿಗೆ ಅದೇ ಬೇಕು.

ತಳಿ ಸೋತ ಮೇಲೆ ಔಷಧಿಯೇ ಗತಿ. ಗಿಡದೊಳಗೆ ಇಳಿದು ಕೆಲಸ ಮಾಡುವ ಮೆಟಲಾಕ್ಸಿಲ್‌ಗೆ ಬಗ್ಗದ ಅಂಗಮಾರಿ 1980ರಲ್ಲೇ ಐರ್ಲೆಂಡ್, ನೆದರ್ಲೆಂಡ್ಸ್‌ನಲ್ಲಿ ಕಂಡಿತ್ತು. ಆಮೇಲೆ ಕಂಪನಿಗಳು ಮ್ಯಾಂಕೋಜೆಬ್ ಬೆರೆಸಿ ಮಾರಿದವು. ನಾವು ಹೊಡೆದದ್ದೂ ಆ ಬೆರಕೆಯನ್ನೇ. ಬೆಂಗಳೂರಿನ ಐಐಎಚ್‌ಆರ್‌ನ ಪಿ. ಚೌಡಪ್ಪ ಮತ್ತು ಸಂಗಡಿಗರು 2010–12ರಲ್ಲಿ ದಕ್ಷಿಣ ಭಾರತದ ರೋಗದ ಮಾದರಿ ಪರೀಕ್ಷಿಸಿದಾಗ ಸಿಕ್ಕಿದ್ದು ಯುರೋಪಿನಲ್ಲಿ ಹಬ್ಬಿದ್ದ 13_ಎ2 ಎಂಬ ತಳಿ. ಅದಕ್ಕೆ ಮೆಟಲಾಕ್ಸಿಲ್ ನಾಟುತ್ತಿರಲಿಲ್ಲ.

ಇಲ್ಲಿದೆ ನೋಡಿ ದುಡ್ಡಿನ ಲೆಕ್ಕ. ಔಷಧಿ ಹೊಡೆದ ಲಾಭ ನನ್ನ ಹೊಲಕ್ಕೆ. ಸಾಯದೆ ಉಳಿದ ರೋಗ ಗಾಳಿಯಲ್ಲಿ ಪಕ್ಕದವನ ಹೊಲಕ್ಕೆ. ಔಷಧಿಯ ಶಕ್ತಿ ಊರ ಕೆರೆ ಇದ್ದ ಹಾಗೆ, ಎಲ್ಲರೂ ಮೊಗೆದರೆ ಬತ್ತುತ್ತೆ. ಬೆಳೆ ಹಾಳಾದಾಗ ನಾವು ಕೇಳಿದ್ದು, ಸರ್ಕಾರ ಕೊಟ್ಟಿದ್ದು, ಗಡ್ಡೆಗೂ ಔಷಧಿಗೂ ಸಹಾಯಧನ. ನಾನೂ ತಗೊಂಡೆ, ಸುಳ್ಳು ಯಾಕೆ. ಯಾವ ಗುಂಪಿನದ್ದು ಎಷ್ಟು ಸಲ ಹೊಡೀಬೇಕು, ಯಾವಾಗ ಬದಲಿಸಬೇಕು ಅಂತ ನನಗೆ ಯಾರೂ ಷರತ್ತು ಹಾಕಲಿಲ್ಲ. ಅಗ್ಗ ಆದದ್ದನ್ನೇ ಹೆಚ್ಚು ಹೊಡೆದೆ.

ಬರೀ ಷರತ್ತೂ ಸಾಲದು. ಬಿಟಿ ಹತ್ತಿಯಲ್ಲಿ 450 ಗ್ರಾಂ ಬೀಜದ ಜೊತೆ 120 ಗ್ರಾಂ ಬಿಟಿ ಅಲ್ಲದ ಬೀಜ ಕೊಟ್ಟರು, ಹುಳ ಬಿಟಿಗೆ ಒಗ್ಗದಿರಲಿ ಅಂತ. ಬಹಳ ಜನ ಅದನ್ನು ಬಿತ್ತಲೇ ಇಲ್ಲ. ನಷ್ಟ ಒಬ್ಬನದು, ಲಾಭ ಊರಿನದು ಅಂದರೆ ಯಾರು ಬಿತ್ತುತ್ತಾರೆ? ಕೊನೆಗೆ ಎರಡನ್ನೂ ಒಂದೇ ಚೀಲದಲ್ಲಿ ಬೆರೆಸಬೇಕಾಯಿತು.

ಹಾಗಾಗಿ ನನ್ನ ವಾದ ಇಷ್ಟೇ: ಔಷಧಿ ಡಬ್ಬಕ್ಕೆ ಹಾಕುವ ದುಡ್ಡನ್ನು ರೋಗ ತಡೆಯುವ ತಳಿಗೆ, ಶುದ್ಧ ಸಸಿಗೆ ಹಾಕಲಿ. ಕುಫ್ರಿ ಹಿಮಾಲಿನಿ 2006ರಿಂದಲೇ ಇದೆ. ನಮ್ಮ ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಕುಡಿ ಕತ್ತರಿಸಿ ಬೇರು ಬರಿಸಿದ ಸಸಿಯಿಂದ ಗಡ್ಡೆ ಮಾಡೋ ಕೆಲಸವೂ ಆಗಿದೆ. ಮೊದಲೆರಡು ವರ್ಷ ಮಂಡಿಯಲ್ಲಿ ಹೊಸ ತಳಿಗೆ ಬೆಲೆ ಕಮ್ಮಿ ಬಂದರೆ ಆ ವ್ಯತ್ಯಾಸ ಯಾರು ಕಟ್ಟಿಕೊಡ್ತಾರೆ ಅನ್ನೋದೇ ಜಗಳ. ಮುಂದಿನ ಸಲ ಸಬ್ಸಿಡಿ ಕೇಳೋಕೆ ಹೋದಾಗ ಅದನ್ನೇ ಕೇಳೋಣ ಅಂತಿದೀನಿ.