ಕ್ರೈಸ್ತ ಆರಾಧನೆ: ಅರ್ಥ ಮತ್ತು ಉದ್ದೇಶ

ಭಾನುವಾರ ನಾವು ದೇವಾಲಯಕ್ಕೆ ಹೋಗುವುದು ಏತಕ್ಕೆ? ಧರ್ಮೋಪದೇಶದ ತರಗತಿಯಲ್ಲಿ ಕೇಳಿದರೆ ಮಕ್ಕಳು ಥಟ್ಟನೆ ಹೇಳುವ ಉತ್ತರ, ದೇವರಲ್ಲಿ ಬೇಡಿಕೊಳ್ಳಲು. ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ. ಬೇಡಿಕೊಳ್ಳಲು ಮನೆಯ ಪೀಠದ ಮುಂದಿನ ಜಾಗವೂ ಸಾಕು. ನಮ್ಮ ಸ್ತುತಿಯಿಂದ ದೇವರಿಗೆ ಹೆಚ್ಚಾಗುವುದೂ ಏನಿಲ್ಲ. ಹಾಗಿರುವಾಗ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ವಿಶ್ವಾಸಿಗಳು ಮಲೆನಾಡಿನ ಮಳೆಯಲ್ಲೂ ತೋಟದ ಮನೆಗಳಿಂದ ಬಂದು ಒಂದೆಡೆ ಸೇರುವುದೇಕೆ?

ಆರಾಧನಾ ವಿಧಿಗೆ ಧರ್ಮಸಭೆ ಬಳಸುವ 'ಲಿಟರ್ಜಿ' ಎಂಬ ಪದ ಗ್ರೀಕ್ ಮೂಲದ್ದು. ಜನರಿಗಾಗಿ ಮಾಡುವ ಸಾರ್ವಜನಿಕ ಸೇವೆ ಎಂಬುದು ಅದರ ಹಳೆಯ ಅರ್ಥ. ಕ್ರೈಸ್ತ ಆರಾಧನೆಯಲ್ಲಿ ಮೊದಲ ಸೇವಕರು ಪ್ರಭು ಯೇಸುವೇ. ಅವರು ಪಿತ ದೇವರಿಗೆ ಶಿಲುಬೆಯ ಮೇಲೆ ಒಮ್ಮೆಗೇ ಅರ್ಪಿಸಿದ ಬಲಿಯು ಬಲಿಪೀಠದಲ್ಲಿ ನಮ್ಮ ಮುಂದೆ ಪ್ರಸ್ತುತವಾಗುತ್ತದೆ. ನಾವು ಅದರಲ್ಲಿ ನಮ್ಮ ದುಡಿಮೆ, ದುಃಖ, ಕೃತಜ್ಞತೆಗಳನ್ನು ಸೇರಿಸುತ್ತೇವೆ. ಆದ್ದರಿಂದಲೇ 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಹೊರಡಿಸಿದ ಆರಾಧನಾ ವಿಧಿಯ ಸಂವಿಧಾನವು ಭಕ್ತಾದಿಗಳು ಅರಿತು, ಸಕ್ರಿಯವಾಗಿ ಭಾಗವಹಿಸಬೇಕೆಂದು ಕೇಳಿತು, ಜನಭಾಷೆಗೂ ದಾರಿ ತೆರೆಯಿತು. ಪೂಜೆ 'ನೋಡಿ' ಬಂದೆವು ಎನ್ನುವ ವಾಡಿಕೆ ಮಾತ್ರ ನಮ್ಮಲ್ಲಿ ಇನ್ನೂ ಹೋಗಿಲ್ಲ!

ಒಟ್ಟಾಗಿ ಆರಾಧಿಸುವ ಈ ಅವಕಾಶ ನಮ್ಮ ಹಿರಿಯರಿಗೆ ಸುಲಭವಾಗಿ ಇರಲಿಲ್ಲ. ಗೋವಾದಿಂದ ಬಂದ ಕೊಂಕಣಿ ಕಥೋಲಿಕರು ಕರಾವಳಿಯಲ್ಲಿ ನೆಲೆಸಿದ್ದು ಬಹುಪಾಲು ಇಕ್ಕೇರಿ ನಾಯಕರೆಂದೂ ಕರೆಯಲ್ಪಡುವ ಕೆಳದಿ ಅರಸರ ಆಳ್ವಿಕೆಯಲ್ಲಿ. ವೀರಶೈವರಾಗಿದ್ದ ಈ ಅರಸರು ಪೋರ್ಚುಗೀಸರೊಂದಿಗೆ 1678ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ವ್ಯಾಪಾರದ ಜೊತೆಗೆ ಹೊನ್ನಾವರ, ಭಟ್ಕಳ, ಕಲ್ಯಾಣಪುರ ಮುಂತಾದೆಡೆ ಇಗರ್ಜಿ ಕಟ್ಟಲು ಅನುಮತಿಯೂ ಸೇರಿತ್ತು.

ಕಷ್ಟ ಬಂದದ್ದು ಒಳಗಿನಿಂದ. ಕೆನರಾದ ಕ್ರೈಸ್ತರ ಮೇಲೆ ಅಧಿಕಾರ ಯಾರದು, ಗೋವಾದ ಪೋರ್ಚುಗೀಸ್ ಪದ್ರುವಾದೊದ್ದೋ, ರೋಮ್ ನೇಮಿಸಿದ್ದ ಧರ್ಮಾಧ್ಯಕ್ಷ ಥೋಮಸ್ ದೆ ಕಾಸ್ತ್ರೊ ಅವರದೋ ಎಂಬ ವಿವಾದ ಎದ್ದಿತು. ಯಾವ ಗುರುಗಳ ಕೈಯಿಂದ ಸಂಸ್ಕಾರ ಪಡೆದರೆ ಸಿಂಧು ಎಂದು ತಿಳಿಯದೆ ಜನ ಕಂಗಾಲಾದರು. ರಾಣಿ ಚೆನ್ನಮ್ಮಾಜಿ ಆಳುತ್ತಿದ್ದ ಆ ಕಾಲದಲ್ಲಿ, 1681ರಲ್ಲಿ, ಗೋವಾದಿಂದ ಬಂದ ಯುವ ಗುರು ಜೋಸೆಫ್ ವಾಜ್ ಅವರು 1684ರವರೆಗೆ ಕೆನರಾದಲ್ಲಿ ದುಡಿದರು. ಎರಡೂ ಕಡೆಯವರ ನಡುವೆ ಸಮಾಧಾನ ತರಲು ಅವರು ಪಟ್ಟ ಶ್ರಮ, ನಮ್ಮ ಅಭಿಪ್ರಾಯದಲ್ಲಿ, ಅವರ ಪವಾಡದ ಕಥೆಗಳಿಗಿಂತ ದೊಡ್ಡದು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅವರು ಕೊಲಂಬೋದಲ್ಲಿ ಇವರನ್ನು ಸಂತರೆಂದು ಘೋಷಿಸಿದರು.

ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಡನೆ ರಾಜಿಯಾಗು ಎಂದು ಪ್ರಭು ಕಲಿಸಿದ್ದು (ಮತ್ತಾಯ 5:23-24) ಇದನ್ನೇ. ಗದ್ದೆಯ ಗಡಿಗಾಗಿ, ವಾಳೆಯ ಚುನಾವಣೆಗಾಗಿ ಮಾತು ಬಿಟ್ಟ ಇಬ್ಬರು ಒಂದೇ ಸಾಲಿನಲ್ಲಿ ಪರಮಪ್ರಸಾದಕ್ಕೆ ನಿಂತಾಗ ಆರಾಧನೆಯ ವಿಧಿ ನಡೆದಿರುತ್ತದೆ, ಉದ್ದೇಶ ನಡೆದಿರುವುದಿಲ್ಲ.

ಬಾರದವರ ವಿಷಯ ಇನ್ನೊಂದು. ಸುಮಾರು ಕ್ರಿ.ಶ. 155ರಲ್ಲಿ ಸಂತ ಜಸ್ಟಿನರು ರೋಮ್‌ನಲ್ಲಿ ಭಾನುವಾರದ ಕೂಟವನ್ನು ವಿವರಿಸುವಾಗ ವಾಚನ, ಪ್ರಬೋಧನೆ, ರೊಟ್ಟಿ ದ್ರಾಕ್ಷಾರಸಗಳ ಅರ್ಪಣೆಯನ್ನು ಹೇಳಿ, ಬರಲಾಗದವರಿಗೆ ಸೇವಾದರ್ಶಿಗಳು ಪ್ರಸಾದವನ್ನು ಒಯ್ಯುತ್ತಿದ್ದುದನ್ನೂ, ಕಾಣಿಕೆ ಹಣ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ ಸಲ್ಲುತ್ತಿದ್ದುದನ್ನೂ ಬರೆದಿದ್ದಾರೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಆಶೀರ್ವದಿಸಿದ ಹೊಸ ತೆನೆಯ ಕಾಳನ್ನು ಪರವೂರಿನ ಮಕ್ಕಳಿಗೂ ಕಳುಹಿಸುವ ನಮ್ಮ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಸಿಗೆ ಹಿಡಿದವರ ಹೆಸರನ್ನು ಮೊದಲ ಶುಕ್ರವಾರಕ್ಕೆ ಮುಂಚೆ ಗುರುಗಳಿಗೆ ತಿಳಿಸುವ ಕೆಲಸ ವಾಳೆಯ ಗುರಿಕಾರರದು ಮಾತ್ರವಲ್ಲ, ಪಕ್ಕದ ಮನೆಯವರದೂ ಹೌದು.